ನಾನು ಸಡಿಲಿಸಿದ ಎರಡು ತಂತಿ

ನನ್ನ ಮೈದುನ ಚೆಲುವರಾಜನಿಗೆ ಸಂಗೀತದ ಕಿವಿ ಇದೆ. ಇಲ್ಲ ಅಂತ ಅವನು ನಂಬಿಕೊಂಡು ಎಷ್ಟೋ ವರ್ಷವಾಯಿತು. ಹಾಗೆ ನಂಬಲು ಬಿಟ್ಟವಳು ನಾನು. ಕೆ.ಆರ್. ಪೇಟೆಯ ಆ ವೇದಿಕೆಯ ಮೇಲೆ ತಪ್ಪಿದ್ದು ಅವನ ಬೆರಳಲ್ಲ, ಅವನ ಗಿಟಾರಿನ ಎರಡು ತಂತಿ — ಅವನ್ನು ಸಡಿಲಿಸಿದ್ದು ಈ ಕೈ. ಅವನು ಹೊರಡುವಾಗ ಹೇಳಬಹುದಿತ್ತು. ಹೇಳಲಿಲ್ಲ.

ಇಷ್ಟು ಬರೆಯುವಷ್ಟರಲ್ಲೇ ಎದೆ ಡವಗುಟ್ಟುತ್ತಿದೆ. ಹೆದರಿಕೆಯೂ ಹೌದು. ಆದರೆ — ಸುಳ್ಳು ಯಾಕೆ — ಆ ಗಿಟಾರಿನ ಮಾತು ತೆಗೆದರೆ ಇವತ್ತಿಗೂ ನನಗೆ ಮೊದಲು ಬರುವುದು ಖುಷಿಯೇ. ಆ ಖುಷಿಯನ್ನು ಮುಚ್ಚಿಟ್ಟು ಹೇಳಿದರೆ ತಪ್ಪನ್ನು ಅರ್ಧವೇ ಹೇಳಿದಂತಾಗುತ್ತದೆ. ಹಾಗಾಗಿ ಎರಡನ್ನೂ ಹೇಳುತ್ತೇನೆ.

ಪಾಂಡವಪುರದಲ್ಲಿ ನಮ್ಮ ಮನೆ. ತೊಂಬತ್ತರ ಈಚಿನ ಆ ವರ್ಷಗಳಲ್ಲಿ ಊರೂರಿಗೂ ಆರ್ಕೆಸ್ಟ್ರಾ ಹುಚ್ಚು. ಚೆಲುವ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಮೈಸೂರಿನಿಂದ ಬಸ್ಸಿನಲ್ಲಿ, ಮಗುವನ್ನು ಎತ್ತಿಕೊಂಡ ಹಾಗೆ ಕಂಬಳಿ ಸುತ್ತಿ, ಯಾರೋ ಬಳಸಿಬಿಟ್ಟ ಹಳೆಯ ಬೇಸ್ ಗಿಟಾರು ಹೊತ್ತು ತಂದ. ನಾವು ಕಂಡಿದ್ದ ಗಿಟಾರಿಗೆಲ್ಲ ಆರು ತಂತಿ. ಇದಕ್ಕೆ ನಾಲ್ಕೇ, ಒಂದೊಂದೂ ಬಾವಿ ಹಗ್ಗದ ತಮ್ಮನ ಹಾಗೆ. ಹಾಡುವವರ ಹಿಂದೆ ನಿಂತು ದುಂ ದುಂ ಅಂತ ಹಾಡಿಗೆ ತಳಪಾಯ ಹಾಕುವ ವಾದ್ಯ ಅದು. ಹಳೇ ರೇಡಿಯೋದ ಸಾಮಾನು, ಒಂದು ದೊಡ್ಡ ಸ್ಪೀಕರು, ಹಲಸಿನ ಹಲಗೆ ಸೇರಿಸಿ ಸೌಂಡ್ ಬಾಕ್ಸನ್ನು ಅವನೇ ಮಾಡಿಕೊಂಡ.

ಅವನು ಮೊದಲ ಸಲ ತಂತಿ ಮೀಟಿದಾಗ ನಾನು ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ. ಶಬ್ದ ಕಿವಿಗೆ ಬರುವ ಮುಂಚೆ ಅಂಗಾಲಿಗೆ ಬಂತು. ಸ್ಟ್ಯಾಂಡಿನ ತಟ್ಟೆಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಅಂದವು. ನನ್ನ ಎದೆಯೊಳಗೆ ಯಾರೋ ಬಾಗಿಲು ತಟ್ಟಿದಂತಾಯಿತು. ಅತ್ತೆ, “ಗೋಡೆ ಬಿದ್ದೋದಾತು ಕಣ್ಲಾ, ಮೆಲ್ಲುಕ್ ಒಡಿ” ಅಂದರು. ನಾನು ಮಾತ್ರ ಮುದ್ದೆ ಕೋಲು ಹಿಡಿದುಕೊಂಡೇ ಹೋಗಿ ಬಾಗಿಲಲ್ಲಿ ನಿಂತಿದ್ದೆ.

ನನಗೆ ಆ ನಾಲ್ಕು ತಂತಿ ಏನಾಗಿ ಕಂಡವು ಅಂತ ಹೇಳಬೇಕು. ನನ್ನ ತವರು ನಾಗಮಂಗಲ. ಅಪ್ಪ ಭಜನೆ ಮಂಡಳಿಯವರು. ಭಜನೆಮನೆಯಲ್ಲಿ ನಾಲ್ಕು ತಂತಿಯ ತಂಬೂರಿ ಇತ್ತು. ಮದುವೆಯಾಗುವವರೆಗೂ ಶನಿವಾರದ ಭಜನೆಗೆ ಅದನ್ನು ಮೀಟುವವಳು ನಾನೇ. ಇಲ್ಲಿಗೆ ಬಂದ ಮೇಲೆ ಎಲ್ಲಾ ಇತ್ತು — ಮನೆ ತುಂಬ ಜನ, ಹೊಟ್ಟೆ ತುಂಬ ಊಟ, ಸಿಟ್ಟು ಮಾಡದ ಗಂಡ. ಚೆಲುವನಾರಾಯಣಸ್ವಾಮಿ ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ರಾತ್ರಿ ದೀಪದ ಮುಂದೆ ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಆದರೆ ತಂಬೂರಿ ಇರಲಿಲ್ಲ. ಇಲ್ಲ ಅನ್ನುವುದನ್ನೂ ಮರೆತಿದ್ದೆ, ಆ ದಿನದವರೆಗೆ.

ಚೆಲುವನಿಗೆ ಕಲಿಸುತ್ತಿದ್ದವರು ಶ್ರೀರಂಗಪಟ್ಟಣದ ಒಬ್ಬ ಕೀಬೋರ್ಡ್ ಮಾಸ್ಟ್ರು, ಒಂದು ಸಣ್ಣ ಆರ್ಕೆಸ್ಟ್ರಾದ ಯಜಮಾನರು. ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದ. ಯಾವ ತಂತಿ, ಗಿಟಾರಿನ ಕತ್ತಿನ ಪಟ್ಟಿಗಳ ನಡುವಿನ ಎಷ್ಟನೇ ಮನೆ ಅಂತ ಬೆರಳಿಗೆ ಹೇಳಿಕೊಡುತ್ತಿದ್ದರು. ಶ್ರುತಿ ಮಾಡುವುದು ಇನ್ನೂ ಕಲಿಸಿರಲಿಲ್ಲ. ತಾವೇ ಕೀಬೋರ್ಡಿಗೆ ಹೊಂದಿಸಿ ಕೊಟ್ಟು ಕಳಿಸುತ್ತಿದ್ದರು. ಅವನು ಬಂದು ಸಂಜೆಯೆಲ್ಲ ಅದೇ ನಾಲ್ಕು ಸ್ವರ ತಿದ್ದುತ್ತಿದ್ದ. ಅವನ ಬೆರಳ ತುದಿ ಬೊಬ್ಬೆ ಬಂದು ಒಡೆದರೆ ನಾನೇ ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ. ಹಚ್ಚುವಾಗ ಆ ಬೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಂಡಿದ್ದೇನೆ — ಸುಮ್ಮನೆ ಕೇಳಿದವಳ ಹಾಗೆ.

ತಂತಿ ಹಳೆಯದಾದರೆ ದನಿ ಮಂಕಾಗುತ್ತದೆ; ಹೊಸದು ಸುಲಭಕ್ಕೆ ಸಿಗದು. ಅದಕ್ಕೆ ಅವನು ತಂತಿಗಳನ್ನು ಬಿಚ್ಚಿ ಸುರುಳಿ ಸುತ್ತಿ ನನ್ನ ಸಾರಿನ ಪಾತ್ರೆಯಲ್ಲಿ ಕುದಿಸುತ್ತಿದ್ದ. ಅತ್ತೆಗೆ ಮೈಯೆಲ್ಲ ಉರಿ.

“ಅಗಲೆಲ್ಲ ಅಂಗಡೀಲಿ ತಂತಿ ಸುತ್ತೀಯ, ಮನೇಗ್ ಬಂದು ತಂತಿ ಬೇಯಿಸ್ತೀಯ. ಉಪ್ಪುಕಾರ ಆಕಾದು ಬ್ಯಾಡ್ವೇನ್ಲಾ?”

“ಬೆವರು ಕುಡ್ಕಂಡು ಕುಂತೈತೆ ಕಣವ್ವ. ಬೆಂದ್ರೆ ದನಿ ವಾಪಸ್ ಬತ್ತದೆ.”

ನಿಜವಾಗಿ ಬರುತ್ತಿತ್ತು. ಬೆಂದ ತಂತಿ ಹಾಕಿ ಮೀಟಿದಾಗ ಆ ದನಿ ಹೊಸ ಗಂಟೆಯ ಹಾಗೆ — ನನಗೆ ತಡೆಯಲಾಗುತ್ತಿರಲಿಲ್ಲ.

ತಡೆಯಲಿಲ್ಲ. ಮಧ್ಯಾಹ್ನ ಅವನು ಅಂಗಡಿಯಲ್ಲಿ, ನನ್ನವರು ಡ್ಯೂಟಿಯಲ್ಲಿ, ಅತ್ತೆ ಗಾಢ ನಿದ್ದೆಯಲ್ಲಿ. ಗೋಡೆಗೆ ಒರಗಿಸಿದ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕರೆಂಟು ಹಾಕುವ ಧೈರ್ಯವಿಲ್ಲ; ಬಾಕ್ಸಿಲ್ಲದೆ ಆ ಗಿಟಾರು ಪಿಸುಗುಟ್ಟುತ್ತದೆ ಅಷ್ಟೆ. ಒಂದು ದಿನ ಅದರ ತಲೆ ಜಾರಿ ರಾಗಿ ತುಂಬಿಡುವ ಮರದ ಪೆಟ್ಟಿಗೆಗೆ ತಾಗಿತು ನೋಡಿ — ಪೆಟ್ಟಿಗೆ ಪೂರಾ ಝೇಂ ಅಂದಿತು! ಖುಷಿಗೆ ನನ್ನ ಬಾಯಿಗೆ ಸೆರಗು ತುರುಕಿಕೊಂಡೆ. ತೆಳು ತಂತಿಗಳೆರಡೂ ನನ್ನ ಶ್ರುತಿಗೆ ತಾವಾಗಿಯೇ ಸ-ಪ ಕೂಡಿದ್ದವು. ದಪ್ಪ ತಂತಿಗಳೆರಡನ್ನೂ ಒಂಚೂರು ಇಳಿಸಿದರೆ ಅವೂ ಸ-ಪ. ನನ್ನ ಕೈ ತಾನಾಗಿ ತಂತಿ ಬಿಗಿಯುವ ಬಿರಡೆ ಹಿಡಿದು ತಿರುಗಿಸಿತು. ಆಗ ಅದು ಗಿಟಾರಾಗಿ ಉಳಿಯಲಿಲ್ಲ. ನನ್ನ ತಂಬೂರಿಯಾಯಿತು. ಅಪ್ಪನ ಭಜನೆಮನೆಯ ತಂಬೂರಿಗಿಂತ ಆಳ — ನೆಲದಡಿಯಿಂದ ಬರುವ ತಂಬೂರಿ. ಅವತ್ತು ಚೆಲುವನಾರಾಯಣನ ಹೆಸರು ಹಿಡಿದು ಎಷ್ಟು ಮೆಲ್ಲಗೆ ಹಾಡಿದೆ, ಎಷ್ಟು ಕಣ್ಣೀರು ಹಾಕಿದೆ!

ಮತ್ತೆ ಬಿಗಿದಿಡುವುದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದೆ. ತಿರುಗಿಸುವ ಮುಂಚೆ ಬಿರಡೆಯ ಮೇಲೊಂದು, ಅದರ ಎದುರಿನ ಮರದ ಮೇಲೊಂದು — ಸಾಸಿವೆಗಿಂತ ಚಿಕ್ಕ ಕುಂಕುಮದ ಬೊಟ್ಟು. ಹಾಡಿಯಾದ ಮೇಲೆ ಬೊಟ್ಟಿಗೆ ಬೊಟ್ಟು ಎದುರಾಗುವವರೆಗೆ ತಿರುಗಿಸಿದರೆ ಮಾಸ್ಟ್ರು ಮಾಡಿಕೊಟ್ಟ ಶ್ರುತಿ ವಾಪಸ್. ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಅವನಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ಅದನ್ನೂ ಸ್ವಾಮಿಯ ದಯೆ ಅಂದುಕೊಂಡೆ.

ಆ ವರ್ಷ ವಿಜಯದಶಮಿಗೆ ಕೆ.ಆರ್. ಪೇಟೆಯಲ್ಲಿ ಕಾರ್ಯಕ್ರಮ. ಚೆಲುವ ಮೊದಲ ಸಲ ವೇದಿಕೆ ಹತ್ತುವುದು. ಚೆನ್ನಾಗಿ ನುಡಿಸಿದರೆ ಆರ್ಕೆಸ್ಟ್ರಾಕ್ಕೆ ಸೇರಿಸಿಕೊಳ್ಳುತ್ತೇನೆ ಅಂದಿದ್ದರು ಮಾಸ್ಟ್ರು. ಎರಡು ದಿನ ಮುಂಚೆಯೇ ತಂತಿ ಬೇಯಿಸಿ, ಹಾಕಿ, ಶ್ರೀರಂಗಪಟ್ಟಣಕ್ಕೆ ಹೋಗಿ ಶ್ರುತಿ ಮಾಡಿಸಿಕೊಂಡು ಬಂದ. ಮಾರನೆಯ ದಿನ ಆಯುಧಪೂಜೆ. ಮಧ್ಯಾಹ್ನ ಅವನು ಬೂದುಗುಂಬಳ ಹಿಡಿದು ಅಂಗಡಿಯ ಪೂಜೆಗೆ ಹೋದ, ಅತ್ತೆ ದೇವಸ್ಥಾನಕ್ಕೆ. ಹೊಸ ಗಂಟೆಯಂಥ ದನಿ ಮನೆಯಲ್ಲಿದೆ, ಮನೆಯಲ್ಲಿ ಯಾರೂ ಇಲ್ಲ. ಇವತ್ತೊಂದು ದಿನ ಬೇಡ ಅಂತ ಮನಸ್ಸು ಹೇಳಿತು. ಕೈ ಆಗಲೇ ಬೊಟ್ಟಿಡುತ್ತಿತ್ತು.

ಹಾಡಿನಲ್ಲಿ ಮೈಮರೆತಿದ್ದೆ. ಗೇಟಿನ ಸದ್ದಾಯಿತು. ಗಡಿಬಿಡಿಯಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ — ಆಮೇಲೆ ಬಿಗಿದರಾಯಿತು ಅಂತ. ಅತ್ತೆ ಬಂದವರೇ ಪೂಜೆಗೆ ಅಣಿ ಮಾಡಲು ಕುಳಿತರು. ಕುಡುಗೋಲು, ಗುದ್ದಲಿ, ನನ್ನ ಈಳಿಗೆಮಣೆ ಎಲ್ಲಾ ಜೋಡಿಸಿದರು. ಕೊನೆಗೆ ಗಿಟಾರನ್ನೂ ತಂದು ಒದ್ದೆ ಬಟ್ಟೆಯಲ್ಲಿ ಅಡಿಯಿಂದ ಮುಡಿವರೆಗೆ ಒರೆಸಿದರು. “ಅದೂ ಅವ್ನ ಆಯ್ದವೇ ಅಲ್ವೇನವ್ವ” ಅಂತ ನಗುತ್ತಾ ನಾಲ್ಕೂ ಬಿರಡೆಗೆ ವಿಭೂತಿ ಬಳಿದು ಹೆಬ್ಬೆರಳಗಲ ಕುಂಕುಮ ಇಟ್ಟರು.

ನನ್ನ ಬೊಟ್ಟು ಹೋಯಿತು. ಎಷ್ಟು ತಿರುಗಿಸಿದ್ದೆನೋ ಅದರ ಗುರುತೇ ಇಲ್ಲ.

ರಾತ್ರಿ ಪೂಜೆ, ಊಟ, ಜನ. ಬೆಳಿಗ್ಗೆ ಅವನು ಅದನ್ನು ಚೀಲಕ್ಕೆ ಹಾಕಿ ಕಟ್ಟಿಯೇ ಬಿಟ್ಟಿದ್ದ. ಹೊರಡುವಾಗ ನನ್ನ ಮುಂದೆ ಬಂದು ನಿಂತ. ಹೊಸ ಷರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ.

“ಅತ್ಗೆ, ಓಗ್ಬತ್ತೀನಿ. ಏನಾರ ಒಂದ್ ಒಳ್ಳೇ ಮಾತ್ ಏಳಿ.”

ನಾಲಗೆಯ ತುದಿಯಲ್ಲಿತ್ತು. ಎರಡು ತಂತಿ ಇಳಿದಿವೆ ಕಣಪ್ಪ, ಮಾಸ್ಟ್ರಿಗೆ ಹೇಳಿ ಬಿಗಿಸಿಕೋ — ಇಷ್ಟೇ ಮಾತು. ಯಾಕೆ ಆಡಲಿಲ್ಲ? ಸೊಸೆ ಗಿಟಾರು ಹಿಡಿದಳು ಅಂತ ಅತ್ತೆ ಬೈಯುತ್ತಾರೆಂಬ ಭಯ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಹೇಳಿಬಿಟ್ಟರೆ ನಾಳೆಯಿಂದ ಗಿಟಾರು ನನ್ನ ಕೈಗೆ ಸಿಗುವುದಿಲ್ಲ — ನಿಜ ಅದು. ನನ್ನ ಮಧ್ಯಾಹ್ನಗಳನ್ನು ಉಳಿಸಿಕೊಂಡೆ. ಅವನ ಹಣೆಗೆ ಕುಂಕುಮವಿಟ್ಟು, “ಸ್ವಾಮಿ ಅವ್ನೆ, ಓಗ್ಬಾ” ಅಂದೆ. ನಾನು ಹೊರಬೇಕಾದ್ದನ್ನು ಸ್ವಾಮಿಯ ತಲೆಗೆ ಹೊರಿಸಿ ಕಳಿಸಿದೆ.

ಮಧ್ಯಾಹ್ನದ ಮೇಲೆ ನಾನೂ ಅತ್ತೆಯೂ ಬೀದಿಯವರ ಟೆಂಪೋದಲ್ಲಿ ಹೋದೆವು. ಮೈದಾನದ ತುಂಬ ಜನ, ಬಣ್ಣದ ಬಲ್ಬು. ಚೆಲುವ ಹಿಂದುಗಡೆ ನಿಂತಿದ್ದ. ಅತ್ತೆ ಪಕ್ಕದವರಿಗೆಲ್ಲ ತೋರಿಸಿದರು. ಮಾಸ್ಟ್ರು ಮತ್ತೆ ಶ್ರುತಿ ನೋಡಿಯೇ ನೋಡುತ್ತಾರೆ ಅಂತ ನಾನು ಕಾಯುತ್ತಿದ್ದೆ. ನೋಡಲಿಲ್ಲ — ತಾವೇ ಮಾಡಿಕೊಟ್ಟದ್ದಲ್ಲವೆ. ಹಾಡು ಶುರುವಾಯಿತು. ತೆಳು ತಂತಿಯ ಮೇಲೆ ಅವನ ಬೆರಳು ಇದ್ದಷ್ಟು ಹೊತ್ತು, ಅಯ್ಯೋ, ಎಷ್ಟು ಚಂದ! ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಆಮೇಲೆ ಬೆರಳು ದಪ್ಪ ತಂತಿಗೆ ಇಳಿಯಿತು.

ಹಾಡೊಂದು ಕಡೆ, ತಳಪಾಯ ಒಂದು ಕಡೆ. ಹಾಡುವ ಹುಡುಗಿ ತಬ್ಬಿಬ್ಬಾಗಿ ಹಿಂತಿರುಗಿ ನೋಡಿದಳು. ಚೆಲುವ ತನ್ನ ಬೆರಳನ್ನೇ ನೋಡಿಕೊಂಡ — ಸರಿಯಾದ ಮನೆಯಲ್ಲೇ ಇತ್ತು. ತಂತಿಯ ಮೇಲೆ ಅನುಮಾನಪಡುವಷ್ಟು ಅವನಿನ್ನೂ ಕಲಿತಿರಲಿಲ್ಲ. ತೆಳು ತಂತಿಗೆ ಹೋದರೆ ಸರಿ, ದಪ್ಪ ತಂತಿಗೆ ಬಂದರೆ ತಪ್ಪು. ಕೇಳುವವರಿಗೆ ಅದು ಸ್ವರಜ್ಞಾನವಿಲ್ಲದವನು ತಡಕಾಡಿದ ಹಾಗೇ ಕೇಳಿಸುತ್ತಿತ್ತು. “ಲೇ, ಆ ಉದ್ದ ಗಿಟಾರ್ನೋನ್ನ ಇಳ್ಸ್ರಲಾ ಕೆಳೀಕೆ” ಅಂತ ಯಾರೋ ಕೂಗಿದರು. ಮಾಸ್ಟ್ರು ಸನ್ನೆ ಮಾಡಿದರು, ಯಾರೋ ಅವನ ಬಾಕ್ಸಿನ ವೈರು ಕಿತ್ತರು. ಕಿತ್ತದ್ದು ಅವನಿಗೆ ಗೊತ್ತಾಯಿತು. ಆದರೂ ಇಳಿಯಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ದನಿಯಿಲ್ಲದ ತಂತಿಯ ಮೇಲೆ, ಹಾಡಿಗೆ ಸರಿಯಾಗಿ, ಬೆರಳು ಆಡಿಸುತ್ತಲೇ ನಿಂತಿದ್ದ.

ಆ ಮೈದಾನದಲ್ಲಿ ಏನಾಗಿದೆ ಅಂತ ಗೊತ್ತಿದ್ದವಳು ನಾನೊಬ್ಬಳೇ. ನಾನು ಅತ್ತೆಯ ಎಲೆಅಡಿಕೆ ಚೀಲ ಹಿಡಿದುಕೊಂಡು ಕುಳಿತಿದ್ದೆ.

ವಾಪಸ್ ಬರುವಾಗ ಟೆಂಪೋದಲ್ಲಿ ಅವನು ನನ್ನ ಪಕ್ಕದಲ್ಲೇ ಕುಳಿತ. ನಗುವವನ ಹಾಗೆ ಹೇಳಿದ: “ಮಾಸ್ಟ್ರು ಏಳ್ಬುಟ್ರು ಅತ್ಗೆ. ಬೆರಳವೆ ಕಣಯ್ಯ, ನಿಂಗೆ ಕಿವಿ ಇಲ್ಲ ಅಂದ್ಬುಟ್ರು.”

ಆಗಲೂ ನಾನು ಹೇಳಲಿಲ್ಲ. ಹಸಿವಾ ಅಂತ ಕೇಳಿದೆ.

ಗಿಟಾರು ಅಟ್ಟಕ್ಕೆ ಹೋಯಿತು. ಬಾಕ್ಸಿನ ಸ್ಪೀಕರನ್ನು ಬಿಚ್ಚಿ ಯಾರಿಗೋ ಕೊಟ್ಟ. ಇನ್ನೊಂದು ಮಾತಿದೆ, ಬರೆಯಲು ಇದೇ ಕಷ್ಟ — ಆಮೇಲಿನ ವರ್ಷಗಳೆಲ್ಲ ಆ ಗಿಟಾರು ನನ್ನದಾಯಿತು. ಮಧ್ಯಾಹ್ನ ಏಣಿ ಹಾಕಿ ಇಳಿಸುತ್ತೇನೆ, ರಾಗಿ ಪೆಟ್ಟಿಗೆಗೆ ಒರಗಿಸುತ್ತೇನೆ, ಹಾಡುತ್ತೇನೆ. ಬೆರಳಿಗೂ ಕಲಿಸಿಕೊಂಡೆ. ದಪ್ಪ ತಂತಿಯ ಐದನೇ ಮನೆ ಒತ್ತಿದರೆ ಅದರ ಪಕ್ಕದ ತಂತಿಯ ಬರಿದನಿ ಸಿಗುತ್ತದೆ, ಹಾಗೇ ಒಂದರಿಂದ ಒಂದಕ್ಕೆ ಶ್ರುತಿ ಕೂಡಿಸಬಹುದು ಅಂತ ಒಂದು ದಿನ ನಾನೇ ಕಂಡುಕೊಂಡಾಗ ಅಂಗಳಕ್ಕೆ ಓಡಿಹೋಗಿ ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಯಾರಿಗೆ ಹೇಳಲಿ? ಹೇಳಬೇಕಾದವನು ಒಬ್ಬನೇ ಇದ್ದ. ಆ ಮಧ್ಯಾಹ್ನಗಳನ್ನು ರಾತ್ರಿ ದೀಪದ ಮುಂದೆ ಸ್ವಾಮಿ ಕೊಟ್ಟದ್ದು ಅಂತ ನೆನೆದಿದ್ದೇನೆ. ಸ್ವಾಮಿ ಕೊಟ್ಟದ್ದಲ್ಲ. ಚೆಲುವನಿಂದ ನಾನು ತೆಗೆದುಕೊಂಡದ್ದು.

ಈಗ ಅವನಿಗೆ ಸಂಸಾರವಿದೆ, ಪಕ್ಕದ ಬೀದಿಯಲ್ಲಿ ಮನೆ. ಅವನ ಮಗಳು ಪವಿತ್ರ ಮೊನ್ನೆ ನನ್ನ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಏನೋ ಗುನುಗುತ್ತಿದ್ದಳು. ಶ್ರುತಿ ಒಂದು ಎಳೆಯೂ ಅತ್ತಿತ್ತ ಆಗಿರಲಿಲ್ಲ. ಚೆಲುವ ಒಳಗೆ ಬಂದವನು ಅವಳ ತಲೆ ಸವರಿ ನಕ್ಕ. “ಸುಮ್ಕಿರವ್ವ, ನಮ್ ವಂಸಕ್ಕೆ ಕಿವಿ ಇಲ್ಲ.” ಮಗು ಬಾಯಿ ಮುಚ್ಚಿತು.

ಅವತ್ತೇ ನಿರ್ಧಾರ ಮಾಡಿದೆ. ನಾಳೆ ಆಯುಧಪೂಜೆ, ಅವರೆಲ್ಲ ಇಲ್ಲಿಗೇ ಬರುತ್ತಾರೆ. ಇವತ್ತು ಗಿಟಾರನ್ನು ಇಳಿಸಿ, ತಂತಿ ಬಿಚ್ಚಿ, ಅದೇ ಸಾರಿನ ಪಾತ್ರೆಯಲ್ಲಿ ಕುದಿಸಿದೆ. ಅತ್ತೆ ಬಗ್ಗಿ ನೋಡಿ, “ಇದೇನವ್ವ, ಈಗ ನೀನೂ ಸುರು ಅಚ್ಕಂಡ್ಯಾ?” ಅಂದರು. ನಾಳೆ ಎಲ್ಲರ ಮುಂದೆ ಹೇಳುತ್ತೇನೆ ಅಂದೆ. ತಂತಿ ಹಾಕಿ ಶ್ರುತಿ ಕೂಡಿಸಿದೆ. ಗಂಟೆಯ ಹಾಗೆ ನುಡಿಯಿತು. ಆಮೇಲೆ ದಪ್ಪ ತಂತಿಗಳೆರಡನ್ನೂ ಅವತ್ತು ಇಳಿಸಿದಷ್ಟೇ ಇಳಿಸಿ ಇಟ್ಟಿದ್ದೇನೆ.

ಚೆಲುವ, ನಾಳೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿ ಗಿಟಾರನ್ನು ನಿನ್ನ ಕೈಗೆ ಕೊಡುತ್ತೇನೆ. ರಾಗಿ ಪೆಟ್ಟಿಗೆಗೆ ಒರಗಿಸಿ ಅವತ್ತಿನ ಹಾಡನ್ನೇ ನುಡಿಸು. ತೆಳು ತಂತಿಯಿಂದ ದಪ್ಪ ತಂತಿಗೆ ಇಳಿದ ಕೂಡಲೇ ಶ್ರುತಿ ತಪ್ಪಿದ್ದು ಕೇಳಿ ನೀನೇ ತಡೆದು ನಿಲ್ಲುತ್ತೀಯ, ನನಗೆ ಗೊತ್ತು. ಆಗ ನಿನ್ನ ಮಗಳು ಪಕ್ಕದಲ್ಲಿರಲಿ. ಬಿರಡೆಗಳ ಮೇಲೆ ಈ ಸಲ ಒಂದು ಬೊಟ್ಟನ್ನೂ ಇಟ್ಟಿಲ್ಲ. ನಿನ್ನ ಕಿವಿ ಹೇಳಿದಷ್ಟು ನೀನೇ ಬಿಗಿದುಕೋ. ಆಮೇಲೆ ನನಗೆ ಏನು ಅನ್ನಬೇಕು ಅನ್ನಿಸುತ್ತದೋ, ಅನ್ನು. ನಾನು ಎದ್ದು ಒಳಗೆ ಹೋಗುವುದಿಲ್ಲ.