ಗಾಳಿ ನಿಂತ ಹೊತ್ತು

ಜಲಜಾಕ್ಷಿಯಷ್ಟು ಪುಕ್ಕಲು ಹೆಂಗಸು ಇಡೀ ಮದರಾಸಿನಲ್ಲಿ ಇನ್ನೊಬ್ಬಳು ಇದ್ದಿರಲಾರಳು. ಮುಲ್ಕಿಯ ಕಡೆಯಿಂದ ಮದುವೆಯಾಗಿ ಬಂದು ಕೋಡಂಬಾಕ್ಕಂನ ನಮ್ಮ ವಠಾರದಲ್ಲಿ ಸಂಸಾರ ಹೂಡಿದಾಗ ಅವಳಿನ್ನೂ ಹುಡುಗಿ. ಗಂಡ ಐತಪ್ಪ ದೊಡ್ಡ ಬೀದಿಯ ಉಡುಪಿ ಹೋಟೆಲಿನಲ್ಲಿ ಇಡ್ಲಿ, ದೋಸೆಯ ಹಿಟ್ಟು ರುಬ್ಬುವವನು. ಮಾತು ಕಡಿಮೆ, ತೋಳು ಗಟ್ಟಿ. ಅವನು ಬರುವುದು ಸ್ವಲ್ಪ ತಡವಾದರೆ ಸಾಕು, ಇವಳು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ರಮಕ್ಕ, ಬಸ್ಸಿಗೆ ಏನಾದ್ರೂ ಆಯ್ತೋ ಏನೋ?"

"ನಿನ್ನ ಗಂಡ ಬಸ್ಸು ಹತ್ತಿದ್ದು ಯಾವಾಗಮ್ಮಾ? ನಡ್ಕೊಂಡು ತಾನೇ ಬರೋದು!"

"ಹಾಗಾದ್ರೆ ಬಸ್ಸಿನ ಅಡಿಗೆ..." ಎನ್ನುವಳು. ನನಗೆ ಒಮ್ಮೆ ನಗು ಬಂದರೆ ಇನ್ನೊಮ್ಮೆ ಮೈ ಉರಿಯುತ್ತಿತ್ತು. ಮಗಳು ಸುಗುಣಾ ಹುಟ್ಟಿದ ಮೇಲಂತೂ ಅವಳ ದಿಗಿಲು ಎರಡು ಪಾಲಾಯಿತು. ಹುಡುಗಿ ತಮಿಳು ಶಾಲೆಗೆ ಸೇರಿ, ತಾಯಿಗೆ ತಮಿಳಿನಲ್ಲೇ ಉತ್ತರ ಕೊಡುವಷ್ಟು ದೊಡ್ಡವಳಾದರೂ, ಇವಳು ಶಾಲೆಯ ಗೇಟಿನವರೆಗೆ ಕೈ ಬಿಡದೆ ಬಿಟ್ಟು ಬರುತ್ತಿದ್ದಳು.

೧೯೬೬ರ ಪುಯಲ್ ಬಂದದ್ದು ದೀಪಾವಳಿಗೆ ಮುಂಚೆ. ಬಿರುಗಾಳಿಗೆ ಇಲ್ಲಿ ಹಾಗೆನ್ನುತ್ತಾರೆ. ಬೆಳಗ್ಗೆ ಬರೀ ಜಡಿಮಳೆಯಿತ್ತು, ಹಾಗಾಗಿ ಐತಪ್ಪ ಕೆಲಸಕ್ಕೂ ಸುಗುಣಾ ಶಾಲೆಗೂ ಹೋಗಿಯಾಗಿತ್ತು. ಆಮೇಲೆ ಗಾಳಿ ಎದ್ದಿತು. ನಮ್ಮ ಹೆಂಚುಗಳು ಒಂದೊಂದಾಗಿ ಕಿತ್ತುಕೊಂಡು ಹೋದವು. ಹತ್ತಿರದ ಸಿನಿಮಾ ಸ್ಟುಡಿಯೋದಲ್ಲಿ ಕಟ್ಟಿದ್ದ ಯಾವುದೋ ಅರಮನೆಯ ಬಣ್ಣದ ಕಂಬವೊಂದು ಬೀದಿಯಲ್ಲಿ ಉರುಳಿಕೊಂಡು ಬಂದು ನಮ್ಮ ಚರಂಡಿಗೆ ಬಿತ್ತು. ಬೇರೆ ದಿನವಾಗಿದ್ದರೆ ವಠಾರವೆಲ್ಲ ನಕ್ಕಿರುತ್ತಿತ್ತು. ಜಲಜಾಕ್ಷಿ ನನ್ನ ಅಡುಗೆಮನೆಯ ಮೂಲೆಯಲ್ಲಿ ಕೂತು, "ಅವಳೊಬ್ಬಳು ಅಲ್ಲಿ, ಇವರೊಬ್ಬರು ಅಲ್ಲಿ, ನಾನೊಬ್ಬಳು ಇಲ್ಲಿ" ಎಂದು ಅದನ್ನೇ ಹೇಳುತ್ತಿದ್ದಳು.

ಮಧ್ಯಾಹ್ನದ ಸುಮಾರಿಗೆ ಗಾಳಿ ಥಟ್ಟನೆ ನಿಂತಿತು. ಒಂದು ಎಲೆಯೂ ಅಲುಗಲಿಲ್ಲ. ಮೋಡದ ಸಂದಿಯಲ್ಲಿ ಬೆಳಕೂ ಕಂಡಿತು. ಜಲಜಾಕ್ಷಿ ಸೆರಗು ಬಿಗಿದು ಎದ್ದಳು.

"ಎಲ್ಲಿಗೆ?" ಎಂದೆ.

"ಮಗಳನ್ನು ಕರ್ಕೊಂಡು ಬರ್ತೇನೆ. ಗಾಳಿ ನಿಂತಿತಲ್ಲ."

"ಇದು ನಿಂತಿದ್ದಲ್ಲ ಜಲಜಾ. ಆ ಕಡೆಯಿಂದ ತಿರುಗಿ ಬರತ್ತೆ. ಸ್ಕೂಲು ಕಲ್ಲಿನ ಕಟ್ಟಡ, ಮಗು ಅಲ್ಲಿ ಭದ್ರವಾಗಿರತ್ತೆ. ನೀನು ಪೇಸಾಮೆ, ಸುಮ್ಮನೆ ಕೂತ್ಕೋ."

ನಮ್ಮದು ಮೂರು ತಲೆಮಾರಿನಿಂದ ಮದರಾಸಿನ ಮನೆತನ. ಪುಯಲ್ ನಡುವೆ ಉಸಿರು ತೆಗೆದುಕೊಂಡು, ಹೋದ ದಾರಿಗೆ ಎದುರಾಗಿ ಮರಳಿ ಬರುತ್ತದೆಂದು ಅಜ್ಜಿ ಹೇಳಿದ್ದು ನನಗೆ ಗೊತ್ತಿತ್ತು. ಅವಳ ಊರಿನ ಲೆಕ್ಕವೇ ಬೇರೆ. ಅಲ್ಲಿ ಮುಂಗಾರಿನ ಗಾಳಿ ಪಡುವಣ ಕಡಲಿನಿಂದ ನುಗ್ಗಿ ಬರುತ್ತದೆ, ಒಮ್ಮೆ ಇಳಿಯಿತೆಂದರೆ ಇಳಿದಂತೆಯೇ. ಹೆಂಗಸರು, ಮಕ್ಕಳು ಕೂಡಲೇ ಹೊರಬಿದ್ದು ತೆಂಗಿನ ಮಡಲು ಹೆಕ್ಕುತ್ತಾರಂತೆ. "ನಾವು ಕಡಲ ಬದಿಯವರು ರಮಕ್ಕ, ಗಾಳಿ ನೋಡದವರಾ?" ಎಂದಳು. ಹುಟ್ಟಿದಾಗಿನಿಂದ ಹೆದರಿದವಳು ಅಂದೇ ಧೈರ್ಯ ತೋರಿಸಬೇಕೇ! ನಾನು ರಟ್ಟೆ ಹಿಡಿದೆ, ಬೈದೆ. ಕೊಸರಿಕೊಂಡು ಹೋಗಿಯೇಬಿಟ್ಟಳು.

ಅವಳು ಬರುವವರೆಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಆಕಾಶ ಮತ್ತೆ ಕಪ್ಪಾಗತೊಡಗಿದಾಗ ದೊಡ್ಡ ರಸ್ತೆಯ ತಿರುವಿನಲ್ಲಿ ತಾಯಿ ಮಗಳು ಓಡಿ ಬರುವುದು ಕಂಡಿತು. ಅವರು ಒಳಗೆ ಬಂದು ಅಗುಳಿ ಹಾಕಿದ್ದೇ ತಡ, ತೆಂಕಣದಿಂದ ಗಾಳಿ ಬಂದು ಅಪ್ಪಳಿಸಿತು. ಬೆಳಗಿನದು ಇದರ ಮುಂದೆ ಏನೂ ಅಲ್ಲ. ಎದುರಿನ ಬೇವಿನ ಮರ ಬುಡಸಮೇತ ಮಲಗಿತು. ಹೆದರಿ ದೇವರ ಹೆಸರು ಹೇಳುತ್ತಿದ್ದವಳು ನಾನು. ಜಲಜಾಕ್ಷಿಯೋ, ಮಗಳ ಬಟ್ಟೆ ಬದಲಿಸಿ, ನನ್ನ ಒಲೆಯಲ್ಲೇ ಗಂಜಿ ಮಾಡಿದಳು.

"ನಿನಗೆ ಭಯ ಆಗ್ತಿಲ್ವೇ?" ಎಂದು ಕೇಳಿದೆ.

"ಇನ್ನೆಂಥ ಭಯ? ಮಗಳು ಇಲ್ಲಿದ್ದಾಳೆ. ಇವರು ಹೋಟ್ಲಲ್ಲಿದ್ದಾರೆ, ಅದು ಕೋಟೆಯ ಹಾಗೆ ಉಂಟು" ಎಂದಳು. ಸುಗುಣಾ ಏನೋ ತಮಾಷೆ ಹೇಳಿದ್ದಕ್ಕೆ ನಕ್ಕಳು ಕೂಡ.

ಸಂಜೆ ಗಾಳಿ ತಗ್ಗಿದ ಮೇಲೆ ಹೋಟೆಲಿನ ಸಪ್ಲೈಯರ್ ಹರಿದಾಸ ಬಂದ. ಮೊಣಕಾಲವರೆಗೆ ಕೆಸರು. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ, "ಐತಪ್ಪಣ್ಣ ಮನೆಗೆ ಬಂದ್ರಾ?" ಎಂದು ಕೇಳಿದ.

ಜಲಜಾಕ್ಷಿಯ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

"ಮಧ್ಯಾಹ್ನ ಗಾಳಿ ನಿಂತಿತಲ್ಲ, ಆಗ ಹೊರಟ್ರು ಅಕ್ಕ. ಮಗಳು ಶಾಲೆಯಲ್ಲಿದ್ದಾಳೆ, ಕರ್ಕೊಂಡು ಮನೆಗೆ ಬಿಟ್ಟು ಬರ್ತೇನೆ ಅಂದ್ರು. ಇನ್ನೇನು, ಮುಗೀತು ಅಂತ ನಾವೂ ಕಳಿಸಿದ್ದು."

ಐತಪ್ಪನೂ ಆ ಕಡಲ ಬದಿಯವನೇ ಅಲ್ಲವೇ, ಗಂಡ ಹೆಂಡತಿ ಇಬ್ಬರದೂ ಒಂದೇ ಲೆಕ್ಕ. ಜಲಜಾಕ್ಷಿ ಬೀದಿಗೆ ಓಡಿದಳು. ದೀಪವಿಲ್ಲ, ಎದೆಮಟ್ಟಕ್ಕೆ ಮರಗಳು ಅಡ್ಡಬಿದ್ದಿವೆ, ನೀರಿನಲ್ಲಿ ವಿದ್ಯುತ್ ತಂತಿ. ನಾನೂ ಹರಿದಾಸನೂ ಹಿಡಿದು ಎಳೆದು ತಂದೆವು. ಆ ರಾತ್ರಿ ಅವಳು ಅಳಲಿಲ್ಲ, ಕೂರಲೂ ಇಲ್ಲ. ಹೊಸಲಿನ ಬಳಿ ನಿಂತೇ ಬೆಳಗು ಮಾಡಿದಳು.

ಮರುದಿನ ವಿಚಾರಿಸುತ್ತಾ ಹೋಗಿ, ಕೊನೆಗೆ ಐತಪ್ಪ ಸಿಕ್ಕಿದ್ದು ಕೀಲ್ಪಾಕ್ ಆಸ್ಪತ್ರೆಯಲ್ಲಿ. ಜೀವಂತ ಇದ್ದ. ಬಲಗೈಗೆ ತೋಳಿನವರೆಗೆ ಬ್ಯಾಂಡೇಜು. ಕೈ ಉಳಿಯುತ್ತದೆ, ಆದರೆ ಬೆರಳು ಮಡಚಲು ಬರುವುದಿಲ್ಲ ಎಂದರು ಡಾಕ್ಟರು. ಸುಗುಣಾಳನ್ನು ಕಂಡದ್ದೇ ಅವನು ಎಡಗೈಯಿಂದ ಅವಳ ತಲೆ, ಕೆನ್ನೆ, ಕಾಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಗಂಡ ಹೆಂಡತಿ ತುಳುವಿನಲ್ಲಿ ಮಾತಾಡಿದರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಜಲಜಾಕ್ಷಿ ಎದ್ದು ಹೊರಗೆ ಬಂದು ವರಾಂಡದ ಬೆಂಚಿನಲ್ಲಿ ಕುಸಿದದ್ದನ್ನು ಮಾತ್ರ ನೋಡಿದೆ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ಶಾಲೆಯಲ್ಲಿ ಆಯಾ ಹೇಳಿದಳಂತೆ, ತಾಯಿ ಈಗಷ್ಟೇ ಕರ್ಕೊಂಡು ಹೋದ್ಲು ಅಂತ. ಇವರು ನಮ್ಮನ್ನು ಹಿಡೀಲಿಕ್ಕೆ ಅಂತ ಒಳದಾರಿಯಲ್ಲಿ ಓಡಿದ್ರಂತೆ. ಅಲ್ಲಿ ಗೋಡೆ ಒಂದು ಬಿದ್ದಿತ್ತು. ಪಕ್ಕದಲ್ಲಿ ಯಾರದೋ ಮಗುವಿನ ಚಪ್ಪಲಿ. ನಾವೇ ಅಡಿಯಲ್ಲಿದ್ದೇವೆ ಅಂತ..."

ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು.

"ಗಾಳಿ ತಿರುಗಿ ಬಂದ್ರೂ ಅವರು ಓಡಲಿಲ್ಲ. ಉಳಿದ ಗೋಡೆ ಕೈ ಮೇಲೆ ಬೀಳುವವರೆಗೆ ಕಲ್ಲು ಎತ್ತಿ ಎತ್ತಿ ಹಾಕ್ತಾ ಇದ್ರಂತೆ, ನಮ್ಮನ್ನು ಕರೀತಾ. ನಾನು ಆ ಹೊತ್ತಿಗೆ ಮಗಳಿಗೆ ಬಿಸಿ ಗಂಜಿ ಬಡಿಸ್ತಿದ್ದೆ ರಮಕ್ಕ. ನಂಗೆ ಒಂದು ಚೂರೂ ಹೆದರಿಕೆ ಆಗ್ಲಿಲ್ಲ."