ತಪ್ಪಿಗೆ ಮುಂಚೆ ಕಟ್ಟಿದ ದಂಡ

ಇತುಂಬಾನಿ ಊರಿನ ಮಾವಿನ ಮರದ ಕೆಳಗೆ ಹನ್ನೊಂದು ವರ್ಷದಿಂದ ಶಿಶುಶಾಲೆ ನಡೆಸುತ್ತಿದ್ದ ಸ್ಯೊಂಬುವಾ ಟೀಚರನ್ನು ಎಲ್ಲರೂ ಗಟ್ಟಿಗಿತ್ತಿ ಅನ್ನುತ್ತಿದ್ದರು. ಮೂವತ್ತೆಂಟು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ಹೆಂಗಸು ಗಟ್ಟಿಗಿತ್ತಿಯೇ, ಇಲ್ಲವೆಂದವರು ಯಾರು? ಆದರೆ ಮಾವ ಮುಲ್ವಾನ ಕೆಮ್ಮು ದೂರದಲ್ಲಿ ಕೇಳಿದರೆ ಸಾಕು, ಗಟ್ಟಿಗಿತ್ತಿ ದಾರಿ ಬಿಟ್ಟು ಪೊದೆ ಸೇರುತ್ತಿದ್ದಳು. ನಮ್ಮ ಅಕಂಬ ಜನರಲ್ಲಿ ಹಾಗೇ. ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮಾತಾಡಬಾರದು. ಹೇಳಲೇಬೇಕಾದದ್ದನ್ನು ಮಗುವಿನ ಬಾಯಲ್ಲಿ ಹೇಳಿಸಬೇಕು. ಹದಿನೇಳು ವರ್ಷ ಒಂದೇ ಅಂಗಳದಲ್ಲಿ ಬಾಳಿದರೂ ಅವರಿಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ಶಾಲೆ ಅಂದರೆ ಹಾಸಿದ ಗೋಣಿಚೀಲ, ಅಕ್ಷರ ತಿದ್ದಲು ಮರಳು, ಎಣಿಸಲು ಸೋಡಾ ಮುಚ್ಚಳ. ಸರದಿಯ ಮೇಲೆ ಒಬ್ಬೊಬ್ಬ ತಾಯಿ ಗಂಜಿ ಕಾಯಿಸುತ್ತಿದ್ದಳು. ಮಗು ಒಲೆಗೆ ಬಿದ್ದೀತೆಂಬ ಭಯವಿಲ್ಲದೆ ಮಿಕ್ಕವರು ತೊಗರಿ ಹೊಲಕ್ಕೆ ಹೋಗುತ್ತಿದ್ದರು. ಸೊರಗುತ್ತಿರುವ ಕೂಸು ಕಂಡರೆ ಸ್ಯೊಂಬುವಾ ಅದನ್ನು ತಾನೇ ಬೆನ್ನಿಗೆ ಕಟ್ಟಿಕೊಂಡು ಎರಡು ಗುಡ್ಡ ದಾಟಿ ನರ್ಸಮ್ಮನ ಹತ್ತಿರ ಒಯ್ಯುತ್ತಿದ್ದಳು. ಮಳೆ ಬಂದರೆ ಮಾತ್ರ ಶಾಲೆಗೆ ರಜೆ.

ಈಚೆಗೆ ವರ್ಷಕ್ಕೊಮ್ಮೆ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಅಧಿಕಾರಿ ಬಂದು, ಈ ಸಲದ ಹಣ ಯಾವುದಕ್ಕೆ ಹಾಕೋಣ ಎಂದು ಊರನ್ನೇ ಕೇಳುತ್ತಿದ್ದ. ಮೈದಾನದಲ್ಲಿ ಎರಡು ಹಲಗೆ ಹಿಡಿಸುತ್ತಿದ್ದ, ಒಂದರ ಮೇಲೆ ಕೆರೆ, ಇನ್ನೊಂದರ ಮೇಲೆ ಶಿಶುಶಾಲೆ. ಬೇಕಾದ ಹಲಗೆಯ ಹಿಂದೆ ಸಾಲು ನಿಲ್ಲಬೇಕು, ಉದ್ದದ ಸಾಲಿಗೆ ಹಣ. ಕೆರೆಯ ಸಾಲಿನಲ್ಲಿ ಮೊದಲಿಗೆ ಮುಲ್ವಾ, ಅವನ ಹಿಂದೆ ಊರಿನ ಹಿರಿಯರೆಲ್ಲ. ಅವರದ್ದೂ ತಪ್ಪಲ್ಲ, ದನಗಳು ನೀರಿಗೆ ಎರಡು ತಾಸು ನಡೆಯುತ್ತಿದ್ದವು. ಎದುರಿನ ಸಾಲಿನಲ್ಲಿ ಮೊದಲ ವರ್ಷ ನಿಂತವರು ಮೂವರು ವಿಧವೆಯರು ಮತ್ತು ಹಲಗೆ ಓದಲು ಬಾರದ ಒಬ್ಬ ಕುಡುಕ.

ಅವತ್ತು ಸ್ಯೊಂಬುವಾ ತಾಯಂದಿರ ಮೇಲೆ ಹರಿಹಾಯ್ದಳು. "ಬುಟ್ಟಿ ಹೆಣೀತಾ ಕೂತಿದ್ರಲ್ಲೇ! ಎದ್ದು ನಿಲ್ಲೋಕೆ ಸೊಂಟ ಬಿದ್ದೋಗಿತ್ತಾ?"

ಅವರಲ್ಲೊಬ್ಬಳಾದ ಕವಿಂದು ಬುಟ್ಟಿಯಿಂದ ತಲೆ ಎತ್ತಲಿಲ್ಲ. "ಮಾವಂಗೆ ಎದುರಾಗಿ ಹೆಂಗ್ ನಿಲ್ಲೋದು ಟೀಚರಮ್ಮ? ಅದಿರ್ಲಿ, ನೀವೆಲ್ಲಿದ್ರಿ?"

ಟೀಚರಮ್ಮ ಮಾವಿನ ಮರದ ಹಿಂದೆ ಅಡಗಿದ್ದರು. ಆಮೇಲಿನ ಎರಡು ವರ್ಷವೂ ಅಲ್ಲೇ ಇದ್ದರು. ಶಿಶುಶಾಲೆ ಮೂರು ಸಲವೂ ಸೋತಿತು. ಒಂದು ವರ್ಷದ ಹಣಕ್ಕೆ ಒಂದಿಷ್ಟೇ ತೋಡಲಾಗುತ್ತಿದ್ದ ಕೆರೆಯೂ ಇನ್ನೂ ಮುಗಿದಿರಲಿಲ್ಲ.

ನಾಲ್ಕನೆಯ ವರ್ಷ ಅಧಿಕಾರಿ ಮುಂಚಿತವಾಗಿಯೇ ಹೇಳಿಬಿಟ್ಟ. "ಗೋಡೆ ಇಲ್ಲ, ಶೌಚಾಲಯ ಇಲ್ಲ. ಈ ಸಲ ಹಣ ಸಿಗದಿದ್ರೆ ಜನವರಿಗೆ ಮುಚ್ಚಿಸ್ತೀವಿ. ಮಕ್ಕಳು ಹೊಳೆ ಆಚೆಗಿನ ಶಾಲೆಗೆ ಹೋಗ್ಲಿ." ಗೆದ್ದರೆ ಎರಡು ಕೋಣೆ, ಸಂಬಳದ ಟೀಚರು, ದಿನಾ ಗಂಜಿ, ತಿಂಗಳಿಗೊಮ್ಮೆ ಬಾಣಂತಿಯರನ್ನೂ ಕೂಸುಗಳನ್ನೂ ನೋಡಲು ನರ್ಸು. ಸೋತರೆ ಏನೂ ಇಲ್ಲ. ಮೂರು ವರ್ಷದ ಮಗು ಆ ಬತ್ತಿದ ಹೊಳೆಯ ಸುಡುವ ಮರಳು ದಾಟಿ ಹೋಗುವುದು ಆಗದ ಮಾತು. ಸಾಲು ಬಿಟ್ಟು ಬೇರೆ ರೀತಿ ಎಣಿಸಿ ಎಂದು ಸ್ಯೊಂಬುವಾ ಗೋಗರೆದಳು. ನಿಯಮ ಅಂದರೆ ನಿಯಮ ಎಂದ ಅಧಿಕಾರಿ.

ಆ ವಾರ ಹಿರಿಯರು ಪಂಚಾಯ್ತಿ ಸೇರಿ ಯಾವನಿಗೋ ಒಂದು ಹೋತ ದಂಡ ಹಾಕಿದರು. ಅವನು ಹೋತ ಕಟ್ಟಿದ, ತಪ್ಪು ತೀರಿತು, ಎಲ್ಲರೂ ಕೂತು ತಿಂದರು. ದೂರದಿಂದ ನೋಡುತ್ತಿದ್ದ ಸ್ಯೊಂಬುವಾಗೆ ತಟ್ಟನೆ ಹೊಳೆಯಿತು. ದಂಡ ಕಟ್ಟಿದರೆ ತಪ್ಪು ತೀರುತ್ತೆ ಅನ್ನುವುದಾದರೆ ಮೊದಲೇ ಕಟ್ಟಿದರೇನು?

ಸಭೆಯ ದಿನ ಆಕೆ ಹೋತ ಎಳೆದುಕೊಂಡು ಮೈದಾನದ ನಡುವೆ ಬಂದಳು. ಮೊಂಬಾಸಾ ಬಂದರಿನಲ್ಲಿ ದುಡಿಯುವ ಗಂಡ ಕ್ರಿಸ್‌ಮಸ್‌ಗೆ ಬಂದಾಗ ಕೊಯ್ಯಲೆಂದು ಮೇಯಿಸಿದ್ದ ಹೋತ ಅದು. ಕೆರೆಯ ಸಾಲಿನ ಮುಂದೆ ಗೂಟ ಹೊಡೆದು ಕಟ್ಟಿದಳು.

"ಮಾವ, ನಾನೀಗ ತಪ್ಪು ಮಾಡ್ತೀನಿ. ನಿಮಗೆ ಎದುರಾಗಿ ನಿಲ್ತೀನಿ. ಇದು ಅದರ ದಂಡ." ಅಷ್ಟು ಹೇಳಿ ಶಿಶುಶಾಲೆಯ ಹಲಗೆಯ ಹಿಂದೆ ಹೋಗಿ ನಿಂತಳು.

ಹಿರಿಯ ಕಿತೇಕ ಉರಿದುಬಿದ್ದ. "ಏನ್ ಕಾಲ ಬಂತಪ್ಪಾ! ಆಯ್ತು, ಒಂದು ಹೋತಕ್ಕೆ ಒಬ್ಬಳ ತಪ್ಪು ತೀರ್ತು. ಮಿಕ್ಕ ಹೆಂಗಸರು ಅಲುಗಾಡಿದ್ರೆ ಆಳಿಗೊಂದು ಹೋತ ತರ್ಲಿ!"

ಎಲ್ಲರ ಕಣ್ಣೂ ಮುಲ್ವಾನ ಮೇಲೆ. ದಂಡದ ಲೆಕ್ಕದಲ್ಲಿ ಅವನ ಮಾತೇ ಕೊನೆ. ಸುಮ್ಮನಿದ್ದಿದ್ದರೆ ಕೆರೆ ಅವನದಾಗುತ್ತಿತ್ತು. ಮುದುಕ ಒಂದು ಚಿಟಿಕೆ ನಶ್ಯ ಏರಿಸಿ, ಸಾವಧಾನವಾಗಿ ಸೀನಿ, ಕಿತೇಕನ ಕಡೆ ತಿರುಗಿದ.

"ಹೋದ ವರ್ಷ ನಿನ್ನ ಮೊಮ್ಮಕ್ಕಳು ಐದು ಜನ ಸೇರಿ ಜೇನುಪೆಟ್ಟಿಗೆ ಕದ್ದಾಗ ಎಷ್ಟು ಹೋತ ಕಟ್ಟಿದೆ?"

"ಒಂದು."

"ಯಾಕೆ?"

ಕಿತೇಕ ಗೊಣಗಿದ. "ಒಟ್ಟಿಗೆ ಮಾಡಿದ ತಪ್ಪಿಗೆ ಒಂದೇ ದಂಡ ಅಂತ ನೀನೇ ಹೇಳಿದ್ದೆ."

"ಈಗ್ಲೂ ಅದನ್ನೇ ಹೇಳ್ತೀನಿ."

ಮೊದಲು ಎದ್ದವಳು ಕವಿಂದು. ಬೆನ್ನಿಗೊಂದು ಕೂಸು, ಕಂಕುಳಲ್ಲೊಂದು, ಕೈಯಲ್ಲಿ ಅರ್ಧ ಹೆಣೆದ ಬುಟ್ಟಿ. "ಬನ್ರೇ, ಹೋತ ಹೆಂಗೂ ಹೋಯ್ತು!" ಎಂದು ಕೂಗಿದಳು. ಹೆಂಗಸರು ನಗುತ್ತಾ, ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾ, ಒಬ್ಬರನ್ನೊಬ್ಬರು ನೂಕುತ್ತಾ ಬಂದರು. ಸಾಲು ಮಾವಿನ ಮರವನ್ನೂ ದಾಟಿ ರಸ್ತೆಗೆ ಹೋಯಿತು. ಶಿಶುಶಾಲೆಗೆ ಅರವತ್ತೊಂದು ಜನ, ಕೆರೆಗೆ ಐವತ್ತನಾಲ್ಕು. ಮುಲ್ವಾ ತನ್ನ ಸಾಲು ಬಿಟ್ಟು ಒಂದಡಿ ಕದಲಲಿಲ್ಲ. ಸೋತು ನಿಂತಿದ್ದ ಆ ಮುದುಕನ ಮೇಲೆ ಸ್ಯೊಂಬುವಾಗೆ ಅವತ್ತು ಹುಟ್ಟಿದ ಗೌರವ ಹದಿನೇಳು ವರ್ಷದ ಭಯದಲ್ಲಿ ಎಂದೂ ಇರಲಿಲ್ಲ.

ಹಿರಿಯರು ಹೋತ ಸುಡುತ್ತಿದ್ದಾಗ ಆಕೆ ಗೋಣಿಚೀಲ ಮಡಚುತ್ತಿದ್ದಳು. ಬೆನ್ನ ಹಿಂದೆ ಕೆಮ್ಮು ಕೇಳಿತು. ಪೊದೆಯ ಕಡೆ ಎರಡು ಹೆಜ್ಜೆ ಹಾಕಿಯೂಬಿಟ್ಟಳು, ಆಮೇಲೆ ನಿಂತಳು.

ಮುಲ್ವಾ ಮರದ ಕಡೆ ನೋಡುತ್ತಾ ಮಾತಾಡಿದ. "ಈ ಹೋತಾನ ಮೂರು ವರ್ಷದ ಹಿಂದೇನೇ ತರಬಾರ್ದಿತ್ತಾ?"

"ಹೋತ ವರ್ಷಾ ವರ್ಷಾನೂ ಇತ್ತು ಮಾವ. ಧೈರ್ಯ ಇರ್ಲಿಲ್ಲ."

ಮುದುಕ ಹೂಂಗುಟ್ಟಿದ. ಕೋಲಿನಿಂದ ಮರಳು ಕೆದಕಿದ. "ಬರೋ ವರ್ಷ ಕೆರೆಗೆ ಮತ್ತೆ ಕೇಳ್ತೀವಿ. ನಿಮ್ಮ ಹೆಂಗಸರು ಬರ್ತಾರಾ?"

"ಬಂದ್ರೆ ಎಲ್ಲಿ ನಿಲ್ಲೋದು ಮಾವ? ನಿಮ್ಮ ಸಾಲಿನಲ್ಲಾ?"

"ಎಲ್ಲಿ ಬೇಕಾದ್ರೂ ನಿಂತ್ಕೊಳ್ಳಿ, ತಾಯಿ," ಎಂದ ಮುಲ್ವಾ. "ಮರದ ಹಿಂದೆ ಮಾತ್ರ ಬೇಡ."