ಕುಸುಬಿ ಹೂವಿನ ಬಣ್ಣದ ಕತ್ತಿ

ಜನವರಿ ನಾಲ್ಕು, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಬೆಳಕಿನ ಕತ್ತಿಯ ಕೆಲಸ ಶುರು ಮಾಡಿದೆ. ಸಿನಿಮಾಗಳಲ್ಲಿ ಕೊಳವೆಯಂತೆ ಹೊಳೆಯುವ ಕತ್ತಿ ಇರುತ್ತದಲ್ಲ, ಅದರ ನಕಲು. ಕಿತ್ತೂರಿನಲ್ಲಿ ಬಿ.ಎ. ಓದುವ ಅಕ್ಕನಿಗೆ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಒಂದೇ ಒಂದು ದೃಶ್ಯ ಸಿಕ್ಕಿತ್ತು: ದೀಪ ಆರಿಸಿದ ವೇದಿಕೆಯ ಮೇಲೆ ಕತ್ತಿ ಕಾಳಗ. ಗುರುವಾರದ ತಾಲೀಮಿಗೆ ಕತ್ತಿ ಉರಿಯದಿದ್ದರೆ ಆ ದೃಶ್ಯವನ್ನೇ ಕೈಬಿಡುವುದಾಗಿ ನಾಟಕ ಕಲಿಸುವ ಮೇಡಂ ಹೇಳಿದ್ದರು.

"ಎದುರಿನಾಕಿ ಕೈಯಾಗ ಕೆಂಪಂದು ಐತಿ, ಅಂಗಡ್ಯಾಗ ತಂದದ್ದು. ನನಗ ಕುಸುಬಿ ಹೂವಿನ ಬಣ್ಣ ಬೇಕು," ಎಂದಳು ಅಕ್ಕ ಫೋನಿನಲ್ಲಿ. "ಹಳದಿ ಅಲ್ಲ, ಕೇಸರಿನೂ ಅಲ್ಲ. ತಿಳೀತೇನ್ರಿ, ಎಂಜಿನಿಯರ್ ಬಾಯಾರ?"

ನಾನು ಡಿಪ್ಲೊಮಾ ಎರಡನೇ ವರ್ಷ, ಅಷ್ಟೇ.

ಮುರಗೋಡದ ದಾರಿಯ ಹೊಲದಿಂದ, ಮುಳ್ಳು ಚುಚ್ಚಿಸಿಕೊಂಡು, ಒಂದು ಹೂ ತಂದೆ. ಮೊದಲು ಹಳದಿಯ ಸಣ್ಣ ಎಲ್‌ಇಡಿಗಳನ್ನು ಹಿಡಿಕೆಯೊಳಗಿಟ್ಟು ಬಿಳಿ ಕೊಳವೆ ಸಿಕ್ಕಿಸಿದೆ. ಬೆಳಕು ಅರ್ಧಕ್ಕೇ ನಿಂತಿತು. ಟಾರ್ಚಿಗೆ ಹಾಕುವಂಥ, ಮೂರು ವ್ಯಾಟಿನ ಮೂರು ಹಳದಿ ಎಲ್‌ಇಡಿ ಹಾಕಿದಾಗ ತುದಿ ಮುಟ್ಟಿತು, ಬಣ್ಣ ಮಾತ್ರ ತೆಳು. ಒಂದು ಕೆಂಪು ಸೇರಿಸಿದೆ, ಹೂವಿಗೆ ಹೊಂದಿತು. ಮರುದಿನ ಹೂವಿನ ಪಕ್ಕ ಹಿಡಿದರೆ ಕೆಂಪು ಸಾಲದು. ಮಂಗಳವಾರ ಇನ್ನೊಂದು ಕೆಂಪು ಹಾಕಿದೆ. ಬುಧವಾರ ಬೆಳಿಗ್ಗೆ ಮತ್ತೆ ಸಾಲದು!

ತಂತಿಗಳನ್ನು ಅಲ್ಲಿಯವರೆಗೆ ಟೇಪಿನಿಂದ ಅಂಟಿಸಿದ್ದೆ. ಬೆಸುಗೆ ಹಾಕಿಸಲು ರಾಮದುರ್ಗಕ್ಕೆ, ಸೋದರಮಾವನ ಬಳಿಗೆ ಹೊರಟೆ. ಅವರು ಮದುವೆ, ಗಣಪತಿ ಮಂಟಪಗಳಿಗೆ ದೀಪದ ಸರ ಕಟ್ಟುವವರು.

ಕಂಡಕ್ಟರ್ ಕೊಳವೆ ನೋಡಿ, "ಏನ್ರಿ ತಂಗಿ ಇದು?" ಎಂದರು.

"ಕತ್ತಿ ರೀ."

"ನಿಮಗ ಟಿಕೀಟ್ ಫ್ರೀ ಐತಿ. ಕತ್ತಿ ಹೆಣ್ಣೋ ಗಂಡೋ ಹೇಳ್ರಿ, ಅದರ ಮ್ಯಾಲ ನೋಡೂಣು."

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಸವದತ್ತಿ ದಾಟಿದ ಮೇಲೆ ಕಿಟಕಿಯ ಹೊರಗೆ ಕುಸುಬಿ ಹೊಲ ಕಂಡಿತು. ಹೂ ಇಟ್ಟುಕೊಂಡಿದ್ದ ಡಬ್ಬಿ ತೆರೆದು ನೋಡಿದೆ. ಹೊಲದ್ದು ಅರಿಶಿನಕ್ಕೆ ಹತ್ತಿರ, ನನ್ನದು ಇಟ್ಟಿಗೆಯ ಬಣ್ಣ. ಕುಸುಬಿ ಒಣಗುತ್ತ ಕೆಂಪಾಗುತ್ತದೆ. ಅದನ್ನು ಬಿತ್ತುವವರ ಮನೆಯಲ್ಲೇ ಹುಟ್ಟಿಯೂ ನನಗೆ ಹೊಳೆದಿರಲಿಲ್ಲ. ದಿನವೂ ಬದಲಾಗುವ ಹೂವಿಗೆ ಬಣ್ಣ ಹೊಂದಿಸುತ್ತ ಕೂತಿದ್ದೆ. ಎರಡನೇ ಕೆಂಪನ್ನು ಬಸ್ಸಿನಲ್ಲೇ ಕಿತ್ತೆ. ಉಳಿದದ್ದು ಮೂರು ಹಳದಿ, ಒಂದು ಕೆಂಪು.

ಮಾವ ಚಕಚಕನೆ ಬೆಸುಗೆ ಹಾಕಿ ಗುಂಡಿ ಒತ್ತಿದರು. ಕತ್ತಲೆ.

"ಸೆಲ್ ಸತ್ತೈತಿ."

ಹೊಸ ಲಿಥಿಯಂ ಸೆಲ್ ಹಾಕಿದರು. ಅದೇ ಕತ್ತಲೆ. ನಾನು ತಂತಿಯ ಜಾಡು ಹಿಡಿದು ನೋಡಿದೆ.

"ಮಾಮಾ, ಸರ ಕಟ್ಟೀರಿ ನೀವು. ಒಂದರ ಬೆನ್ನಿಗೆ ಒಂದು."

"ಮತ್ತ? ದೀಪ ಹಂಗ ಅಲ್ಲೇನು ಕಟ್ಟೂದು?"

"ಅದು ಮನಿ ಕರೆಂಟಿಗೆ ರೀ. ಇಲ್ಲೆ ಒಂದ ಸೆಲ್ ಐತಿ, ನಾಕಕ್ಕ ಹಂಚಿದ್ರ ಯಾವುದಕ್ಕೂ ಸಾಲಂಗಿಲ್ಲ."

"ಗಣಪತಿಗೆ ಕಟ್ಟಿ ಕಟ್ಟಿ ಕೈ ಅದಕ್ಕ ಬಿದ್ದೈತಿ ನೋಡವ್ವಾ," ಎನ್ನುತ್ತ ಎಲ್ಲ ಬಿಚ್ಚಿದರು. ಒಂದೊಂದಕ್ಕೂ ಕರೆಂಟಿಗೆ ಮಿತಿ ಹಾಕುವ ಬೇರೆ ರೆಸಿಸ್ಟರ್ ಕೊಟ್ಟು, ಒಂದೊಂದನ್ನೂ ನೇರ ಸೆಲ್ಲಿಗೆ ಜೋಡಿಸಿದೆವು. ಉರಿಯಿತು.

ಗುರುವಾರ ಕಿತ್ತೂರಿನಲ್ಲಿ ಅಕ್ಕ ಅದನ್ನು ಎತ್ತಿ ಹಿಡಿದು, "ಇದ ನೋಡು, ಇದ!" ಎಂದು ಕೂಗಿದಳು. ಕಾಳಗದ ತಾಲೀಮು ಶುರುವಾಯಿತು; ಎರಡು ಏಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಕತ್ತಿ ಆರಿ, ಮತ್ತೆ ಹೊತ್ತಿತು.

"ಛಂದ ಐತಿ," ಎಂದರು ಮೇಡಂ. "ಆದ್ರ ನಡುವ ಆರಿದ್ರ ಕತ್ತಲದಾಗ ಹುಡುಗ್ಯಾರು ಮಾರಿಗೆ ಹೊಡಕೊಂತಾರ. ಶನಿವಾರ ಮತ್ತ ತೋರಸ್ರಿ. ಆವಾಗೂ ಆರಿದ್ರ ದೃಶ್ಯ ತಗದಬಿಡತೇನಿ."

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಶುಕ್ರವಾರ, ಮಧ್ಯಾಹ್ನ ಮೂರು. ಬೆಳಗಿನಿಂದ ಹಿಡಿಕೆ ಬಿಚ್ಚುವುದು, ಕಟ್ಟುವುದು, ದಿಂಬಿಗೆ ಹೊಡೆದು ನೋಡುವುದು. ಒಮ್ಮೆ ಆರುತ್ತದೆ, ಒಮ್ಮೆ ಆರುವುದಿಲ್ಲ. ಮಾವ ಹಾಕಿದ ಒಂಟಿ ಎಳೆಯ ಗಟ್ಟಿ ತಂತಿ ಬೆಸುಗೆಯ ಬುಡದಲ್ಲಿ ಸಡಿಲುತ್ತಿದೆಯೋ, ಏಟಿಗೆ ಸೆಲ್ಲಿನ ಸ್ಪ್ರಿಂಗ್ ಜಗ್ಗುತ್ತಿದೆಯೋ, ತಿಳಿಯುತ್ತಿಲ್ಲ. ಹಲವು ಎಳೆಗಳ ಮೆತ್ತನೆಯ ತಂತಿ ತಂದಿಟ್ಟಿದ್ದೇನೆ, ಆದರೆ ಮಾವನ ಬೆಸುಗೆ ಬಿಚ್ಚಿ ನಾನೇ ಹಾಕುವ ಧೈರ್ಯ ಸಾಲದು. ಇದನ್ನು ಓದುವವರಲ್ಲಿ ಪೆಟ್ಟು ತಡೆಯುವ ಇಂಥ ಕತ್ತಿ ಕಟ್ಟಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ನಾಳೆ ಬೆಳಗಿನ ಕಿತ್ತೂರು ಬಸ್ ಹೊರಡುವುದರೊಳಗೆ ತಿಳಿಸಿದರೆ ಅಕ್ಕನ ದೃಶ್ಯ ಉಳಿದೀತು.